ಸರ್ವರ್ ಡೌನ್ ಆಗಿಲ್ಲ ಕಾಕಾ, ನಾಕಾದಾಗ ನಿಂತೈತಿ

ಹೋದ ಯುಗಾದಿಗೆ ಗದಗಿನ ಕಡೆಯ ನಮ್ಮೂರು ಡಂಬಳಕ್ಕೆ ಹೋದಾಗ ನಮ್ಮ ಕಾಕಾ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ಕಟ್ಟೆಯ ಮೇಲೆ ಕುಂತಿದ್ದರು. ಚೀಲದೊಳಗೆ ಆಧಾರ್ ಕಾರ್ಡಿನ ಜೆರಾಕ್ಸು, ಬ್ಯಾಂಕಿನ ಪಾಸ್‌ಬುಕ್ಕು, ಎರಡು ಫೋಟೊ. ಮೂರು ದಿನದಿಂದ ಒಂದು ಅರ್ಜಿ ಹಾಕಿಸಲು ಅಡ್ಡಾಡುತ್ತಿದ್ದರಂತೆ. ಯಾವ ಅರ್ಜಿ, ಯಾವ ಕೇಂದ್ರ ಎಂಬುದು ಇಲ್ಲಿ ಬೇಡ. ಮೂರೂ ದಿನ ಸಿಕ್ಕ ಉತ್ತರ ಒಂದೇ: “ಸರ್ವರ್ ಡೌನ್ ಐತ್ರಿ ಅಜ್ಜಾರ, ನಾಳೆ ಬರ್ರಿ.”

“ಏನವಾ, ಈ ಸರ್ವರ್ ಅನ್ನಾವ ನಿಮ್ಮ ಬೆಂಗಳೂರಾಗ ಇರತಾನಲ್ಲ? ನೀನರ ಒಂದ್ ಮಾತು ಹೇಳಬಾರದ ಅವಗ?” ಎಂದರು. ಚ್ಯಾಷ್ಟಿ ಮಾಡಿದ್ದಲ್ಲ, ಖರೇನೇ ಕೇಳಿದ್ದು.

ಹದಿನೆಂಟು ವರ್ಷದಿಂದ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವಳು ನಾನು. ಸುಮ್ಮನೆ ಕೂಡಲು ಮನಸ್ಸಾಗಲಿಲ್ಲ. ಕಾಕಾನ ಜೊತೆ ಹೋಗಿ ಕೌಂಟರಿನ ಮೇಲಿಂದ ಬಗ್ಗಿ ಪರದೆ ನೋಡಿದೆ. ಅಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು: ನಿಮ್ಮ ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ. ಆಪರೇಟರ್ ಹುಡುಗ ಚಹಾಕ್ಕೆ ಹೋಗಿ ಬರುವಷ್ಟರಲ್ಲಿ ಅವನ ಲಾಗಿನ್ನಿನ ಅವಧಿ ತೀರಿತ್ತು, ಅಷ್ಟೆ. ಸರ್ವರ್ ನಿಂತೇ ಹೋಗಿದ್ದರೆ ಈ ಸಾಲು ಕಳಿಸಿದವರು ಯಾರು? ಸತ್ತವನು ಬಾಗಿಲಿಗೆ ಬಂದು “ನಾ ಸತ್ತೀನಿ” ಅನ್ನುವುದಿಲ್ಲ. ಹುಡುಗ ಹೊಸದಾಗಿ ಲಾಗಿನ್ ಆದ. ನಾಲ್ಕು ನಿಮಿಷಕ್ಕೆ ಅರ್ಜಿ ಹೋಯಿತು.

ಮನೆಗೆ ಬರುವಾಗ ದೊಡ್ಡಬಸಪ್ಪನ ಗುಡಿಯ ಅಂಗಳದಲ್ಲಿ ಕುಂತೆವು. ಕಾಕಾ ಕೇಳಿದರು: “ಸರ್ವರ್ ಆರಾಮ್ ಇದ್ದ ಅಂದ್ರ ಮತ್ತ ಮೂರ್ ದಿವಸ ಎಲ್ಲಿ ನಿಂತಿತ್ತದು?”

“ನಾಕಾದಾಗ” ಎಂದೆ.

ಗದಗಿನ ಕಡೆಯವರಿಗೆ ನಾಕಾ ಬಿಡಿಸಿ ಹೇಳಬೇಕಿಲ್ಲ. ಗದಗಿನಲ್ಲಿ ಇವತ್ತಿಗೂ ಮುಳಗುಂದ ನಾಕಾ ಎಂದರೆ ಆಟೊದವರು ಸೀದಾ ಒಯ್ದು ಬಿಡುತ್ತಾರೆ. ಊರೊಳಗೆ ಹೋಗುವ ಬಂಡಿ, ಲಾರಿ ನಿಲ್ಲಿಸಿ, ಮಾಲು ನೋಡಿ, ಜಕಾತಿ ಎತ್ತಿ, ಪಾವತಿ ಕೊಟ್ಟು ಬಿಡುತ್ತಿದ್ದ ಜಾಗ ನಾಕಾ. ಜಕಾತಿ ರದ್ದಾಗಿ ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಉಳಿದಿದೆ. ನನ್ನ ಕಸುಬಿನಲ್ಲಿ ಇದೇ ಕೆಲಸ ಮಾಡುವ ಸಣ್ಣ ಸಣ್ಣ ತಂತ್ರಾಂಶದ ತುಣುಕುಗಳಿಗೆ ಇಂಟರ್‌ಸೆಪ್ಟರ್ ಎನ್ನುತ್ತಾರೆ. ಕೆಲವರು ಫಿಲ್ಟರ್ ಎನ್ನುತ್ತಾರೆ, ಕೆಲವರು ಮಿಡಲ್‌ವೇರ್. ಹೆಸರಿನಲ್ಲಿ ಜಗಳ ಬೇಡ, ನಾನು ನಾಕಾ ಎಂದೇ ಅನ್ನುತ್ತೇನೆ.

ಆಪರೇಟರ್ ಹುಡುಗ ಬಟನ್ ಒತ್ತಿದ ಕೂಡಲೇ ಅವನ ಕಂಪ್ಯೂಟರಿನಿಂದ ಒಂದು ವಿನಂತಿ ಹೊರಡುತ್ತದೆ. ಅದನ್ನು ಲಕೋಟೆ ಎಂದುಕೊಳ್ಳಿ. ಒಳಗೆ ಕಾಕಾನ ಅರ್ಜಿ. ಮೇಲೆ ಹತ್ತಾರು ಸಾಲಿನ ಬರಹ: ಯಾವ ವಿಳಾಸಕ್ಕೆ, ಯಾವ ಬ್ರೌಸರಿನಿಂದ, ಯಾವ ಭಾಷೆಯಲ್ಲಿ ಉತ್ತರ ಬೇಕು, ಒತ್ತಿ ಸಣ್ಣದು ಮಾಡಿ ಕಳಿಸಿದರೆ ಬಿಚ್ಚಿಕೊಳ್ಳಲು ಬರುತ್ತದೋ ಇಲ್ಲವೋ, ಕಳಿಸಿದವನ ಗುರುತಿನ ಚೀಟಿ ಯಾವುದು. ಈ ಮೇಲ್ಬರಹಕ್ಕೆ ನಮ್ಮವರು ಹೆಡರ್ ಎನ್ನುತ್ತಾರೆ. ಲಕೋಟೆ ನೇರವಾಗಿ ಅರ್ಜಿ ನೋಡುವವನ ಮೇಜಿಗೆ ಹೋಗುವುದಿಲ್ಲ. ಮೊದಲ ನಾಕಾದವನು ಗಡಿಯಾರ ನೋಡಿ ಬಂದ ಹೊತ್ತು ಬರೆದುಕೊಳ್ಳುತ್ತಾನೆ. ಎರಡನೆಯವನು ಗುರುತಿನ ಚೀಟಿ ಚಾಲ್ತಿಯಲ್ಲಿದೆಯೇ ಎಂದು ನೋಡುತ್ತಾನೆ. ಕಾಕಾನ ಅರ್ಜಿ ನಿಂತದ್ದು ಇಲ್ಲೇ. ಮೂರನೆಯವನು ಈ ಮನುಷ್ಯನಿಗೆ ಈ ಕೆಲಸ ಕೇಳುವ ಹಕ್ಕು ಇದೆಯೇ ಎಂದು, ನಾಲ್ಕನೆಯವನು ಒಂದೇ ನಿಮಿಷದಲ್ಲಿ ನೂರು ಸಲ ಬಾಗಿಲು ಬಡಿಯುತ್ತಿಲ್ಲವಷ್ಟೆ ಎಂದು. ಇವರನ್ನೆಲ್ಲ ದಾಟಿದ ಮೇಲೆ ಅಸಲು ಕೆಲಸ.

ನಾಕಾದವನ ಕೈಯಲ್ಲಿ ಮೂರು ಅಧಿಕಾರ. ಇದ್ದ ಹಾಗೇ ಮುಂದೆ ಬಿಡಬಹುದು. ಒಂದಿಷ್ಟು ತಿದ್ದಿಯೋ, ಲಕೋಟೆಯ ಮೇಲೆ ಒಂದು ಸಾಲು ಸೇರಿಸಿಯೋ ಬಿಡಬಹುದು. ಅಲ್ಲಿಂದಲೇ ಹಿಂದಕ್ಕೆ ಕಳಿಸಬಹುದು. ಆಗ ಒಳಗಿನವರಿಗೆ ಇಂಥದೊಂದು ಅರ್ಜಿ ಬಂದಿತ್ತು ಎಂಬುದೂ ಗೊತ್ತಾಗುವುದಿಲ್ಲ. ನನಗೆ ಇದರಲ್ಲಿ ಬಹಳ ಇಷ್ಟವಾದ ಸಂಗತಿ ಬೇರೆ. ತನ್ನ ಹಿಂದೆ ಯಾರಿದ್ದಾರೆ, ಮುಂದೆ ಇನ್ನೂ ಎಷ್ಟು ನಾಕಾ ಇವೆ ಎಂಬುದು ಯಾವ ನಾಕಾದವನಿಗೂ ಗೊತ್ತಿರಬೇಕಿಲ್ಲ. ಅವನಿಗೆ ಬೇಕಾದದ್ದು ತನ್ನ ಕೆಲಸ ಮತ್ತು “ಮುಂದಕ್ಕೆ ಬಿಡು” ಎಂಬ ಒಂದು ಆಜ್ಞೆ. ಜಾವಾದವರು ಅದನ್ನು ‘ಡು-ಫಿಲ್ಟರ್’ ಎಂದು ಬರೆಯುತ್ತಾರೆ, ಆಂಡ್ರಾಯ್ಡ್ ಫೋನಿನ ಆ್ಯಪ್‌ಗಳಲ್ಲಿ ಬಳಕೆಯಾಗುವ ಓಕೆ-ಎಚ್‌ಟಿಟಿಪಿಯಲ್ಲಿ ‘ಪ್ರೊಸೀಡ್’, ಎಕ್ಸ್‌ಪ್ರೆಸ್‌ನಲ್ಲಿ ‘ನೆಕ್ಸ್ಟ್’. ಈ ಒಂದು ಶಬ್ದ ಬರೆಯಲು ಮರೆತರೆ ಏನಾಗುತ್ತದೆ ಗೊತ್ತೆ? ಅರ್ಜಿ ಮುಂದೂ ಹೋಗುವುದಿಲ್ಲ, ಹಿಂದೂ ಬರುವುದಿಲ್ಲ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಆ ಚಕ್ರ ನೋಡುತ್ತ ನೀವು ಎಂದಾದರೂ ಕುಂತಿದ್ದರೆ, ನನ್ನಂಥ ಯಾರೋ ಒಬ್ಬರು ಆ ಶಬ್ದ ಮರೆತಿರಲೂಬಹುದು.

ಇನ್ನು ಉತ್ತರ ಬರುವ ದಾರಿ. ಇದನ್ನು ಕಾಕಾನಿಗೆ ಹೇಳಲು ನಾವು ಕುಂತ ಜಾಗವೇ ಸಾಕಾಯಿತು. ದೊಡ್ಡಬಸಪ್ಪನ ಗುಡಿ ಹನ್ನೆರಡನೆಯ ಶತಮಾನದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. ಇಪ್ಪತ್ನಾಲ್ಕು ಮೂಲೆಯ ನಕ್ಷತ್ರದಂಥ ಅದರ ತಳವಿನ್ಯಾಸ ನೋಡಲು ದೂರದ ದೇಶಗಳಿಂದ ಜನ ಬರುತ್ತಾರೆ. ಊರಿನ ನಾವು ಮೂಲೆ ಎಣಿಸಿದವರಲ್ಲ. ಹೊರಗೆ ಚಪ್ಪಲಿ ಬಿಡುತ್ತೇವೆ. ಹೊಸ್ತಿಲು ಮುಟ್ಟಿ ನವರಂಗಕ್ಕೆ ಬರುತ್ತೇವೆ, ಅಂತರಾಳದ ಮುಂದೆ ನಿಲ್ಲುತ್ತೇವೆ, ಆಚೆ ಗರ್ಭಗುಡಿ. ತಿರುಗಿ ಬರುವಾಗ ಮೊದಲು ಅಂತರಾಳ, ಆಮೇಲೆ ನವರಂಗ, ಆಮೇಲೆ ಹೊಸ್ತಿಲು, ಕಡೆಗೆ ಚಪ್ಪಲಿ. ಹೊಕ್ಕಾಗ ಮೊದಲು ದಾಟಿದ್ದನ್ನು ಹೊರಬರುವಾಗ ಕಡೆಗೆ ದಾಟುತ್ತೇವೆ.

ನಾಕಾಗಳ ಸಾಲೂ ಹಾಗೇ. “ಮುಂದಕ್ಕೆ ಬಿಡು” ಎಂದ ನಾಕಾದವನು ಅಲ್ಲಿಗೆ ಕೈ ತೊಳೆದುಕೊಂಡು ಎದ್ದು ಹೋಗುವುದಿಲ್ಲ. ಉತ್ತರ ಬರುವ ತನಕ ಕಾಯುತ್ತಾನೆ. ಒಳಗಿನಿಂದ ಬಂದ ಉತ್ತರ ಎಲ್ಲಕ್ಕಿಂತ ಒಳಗಿನ ನಾಕಾದವನ ಕೈಗೆ ಮೊದಲು ಬರುತ್ತದೆ, ಅವನಿಂದ ಅವನ ಹೊರಗಿನವನಿಗೆ, ಹೀಗೆ ಬಾಗಿಲಿನವರೆಗೆ. ಬಂದ ಹೊತ್ತು ಬರೆದುಕೊಂಡಿದ್ದ ಮೊದಲನೆಯವನು ಈಗ ಹೋಗುವ ಹೊತ್ತು ನೋಡಿ ಲೆಕ್ಕ ಹಾಕುತ್ತಾನೆ: ಇಷ್ಟು ಮಿಲಿಸೆಕೆಂಡು ಹಿಡಿಯಿತು. ಅವನು ಎಲ್ಲರಿಗಿಂತ ಹೊರಗೆ ಇದ್ದದ್ದರಿಂದಲೇ ಈ ಲೆಕ್ಕ ಪೂರಾ ಸಿಗುತ್ತದೆ. ಉತ್ತರವನ್ನು ಒತ್ತಿ ಸಣ್ಣದು ಮಾಡುವ ನಾಕಾದವನೊಬ್ಬ ಸಾಲಿನಲ್ಲಿದ್ದರೆ ಅವನಿಗೆ ಹೋಗುವಾಗ ಕೆಲಸವೇ ಇಲ್ಲ, ಬರುವಾಗ ಮಾತ್ರ. ಈ ಪದರಗಳಿಗೆ ಜಗತ್ತಿನ ಪ್ರೋಗ್ರಾಮರುಗಳೆಲ್ಲ ಇಟ್ಟ ಉಪಮೆ ಉಳ್ಳಾಗಡ್ಡಿ. ಉಳ್ಳಾಗಡ್ಡಿಯ ರೇಟು ಬಿದ್ದು ಹೊಲದಲ್ಲೇ ಬಿಟ್ಟ ವರ್ಷಗಳನ್ನು ಕಂಡ ಕಾಕಾನಿಗೆ ಆ ಉಪಮೆ ಹೇಳುವ ಧೈರ್ಯ ನನಗಾಗಲಿಲ್ಲ.

ಹಿಂದೆ ಇದೆಲ್ಲ ಹೇಗಿತ್ತೆಂದರೆ, ಪ್ರತಿಯೊಂದು ಪುಟದಲ್ಲೂ ತಪಾಸಣೆಯ ಅದೇ ಸಾಲುಗಳನ್ನು ಮತ್ತೆ ಮತ್ತೆ ಬರೆಯುತ್ತಿದ್ದರು. ನಾನು ಕೆಲಸಕ್ಕೆ ಸೇರಿದಾಗ ಕೈಗೆ ಬಂದ ಒಂದು ಹಳೆಯ ತಂತ್ರಾಂಶ ಅಂಥದ್ದೇ. ಒಂದು ಪುಟದಲ್ಲಿ ತಪಾಸಣೆಯ ಸಾಲು ಬಿಟ್ಟುಹೋಗಿತ್ತು, ಆ ಪುಟ ಊರಿಗೆಲ್ಲ ತೆರೆದ ಬಾಗಿಲಾಗಿತ್ತು. ಕೆಲಸವನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸುವ ಸರಪಳಿಯ ವಿನ್ಯಾಸಕ್ಕೆ ಹೆಸರಿಟ್ಟದ್ದು 1994ರಲ್ಲಿ ನಾಲ್ವರು ಲೇಖಕರು ಸೇರಿ ಬರೆದ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕ. 2001ರಲ್ಲಿ ಜಾವಾದ ಸರ್ವ್‌ಲೆಟ್ 2.3 ಆವೃತ್ತಿಯಲ್ಲಿ ಫಿಲ್ಟರ್ ಬಂತು. ಆಮೇಲೆ ಪೈಥಾನ್, ರೂಬಿ, ಜಾವಾಸ್ಕ್ರಿಪ್ಟ್ ಎಲ್ಲರೂ ತಮ್ಮ ತಮ್ಮ ಸರಪಳಿ ಕಟ್ಟಿಕೊಂಡರು. ಈಗ ತಪಾಸಣೆ ಒಂದೇ ಕಡೆ ಬರೆದರೆ ಸಾಕು, ನೂರು ಪುಟಕ್ಕೂ ಅನ್ವಯಿಸುತ್ತದೆ.

ಕಾಕಾ ಇಷ್ಟು ಕೇಳಿದವರು, “ಹಂಗಂದ್ರ ಇದು ನಮ್ಮ ವಾರ್ಸಾ ಹಚ್ಚಿಸಿದಂಗ ಆತು” ಎಂದರು. ನಾನು ಹೇಳಬೇಕೆಂದಿದ್ದನ್ನು ಅವರೇ ಹೇಳಿಬಿಟ್ಟರು.

ವಾರ್ಸಾ ಹಚ್ಚಿಸುವುದೆಂದರೆ ತೀರಿಕೊಂಡವರ ಜಮೀನಿಗೆ ವಾರಸುದಾರರ ಹೆಸರು ಹಚ್ಚಿಸುವುದು. ಜಮೀನಿನ ದಾಖಲೆಗೆ ಸರ್ಕಾರದ ಕಾಗದದಲ್ಲಿ ಪಹಣಿ ಅಥವಾ ಆರ್‌ಟಿಸಿ, ನಮ್ಮ ಕಡೆ ಬಾಯಲ್ಲಿ ಉತಾರ. ಅಜ್ಜ ತೀರಿದ ಮೇಲೆ ನಮ್ಮಪ್ಪ, ಕಾಕಾ ಇಬ್ಬರ ಹೆಸರೂ ಉತಾರಕ್ಕೆ ಹತ್ತಿದ್ದು ಕಂಪ್ಯೂಟರ್ ಉತಾರದ ಕಾಲದಲ್ಲಿ. ಅದಕ್ಕೂ ಮುಂಚೆ ರಾಜ್ಯದ ಜಮೀನಿನ ದಾಖಲೆಯೆಲ್ಲ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ, ನಮ್ಮ ಮಾತಿನಲ್ಲಿ ತಲಾಠಿಗಳ, ಕೈಬರಹದ ಪುಸ್ತಕಗಳಲ್ಲಿತ್ತು. 2000ದ ಆಚೀಚೆ ಕಂದಾಯ ಇಲಾಖೆ ‘ಭೂಮಿ’ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿತು. ತಂತ್ರಾಂಶ ಎನ್‌ಐಸಿಯದ್ದು, ಯೋಜನೆಯನ್ನು ಬೆನ್ನುಹತ್ತಿ ಮಾಡಿಸಿದ ಅಧಿಕಾರಿ ರಾಜೀವ್ ಚಾವ್ಲಾ. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬರುತ್ತಿತ್ತು.

ಉತಾರ ತೆಗೆಸುವುದು ಒಂದೇ ಹೆಜ್ಜೆ. ಆದರೆ ಹೆಸರು ಬದಲಿಸುವುದು ನಾಕಾಗಳ ಸಾಲು. ಅರ್ಜಿ ಕಿಟಕಿಯಲ್ಲಿ ದಾಖಲಾಗಿ ನಂಬರ್ ಬೀಳುತ್ತದೆ. ತಲಾಠಿ ನೋಟಿಸ್ ಹೊರಡಿಸುತ್ತಾರೆ. ತಕರಾರು ಇದ್ದವರು ಬರಲಿ ಎಂದು ಆಗ ಮೂವತ್ತು ದಿನ ಕಾಯಬೇಕಿತ್ತು. ಆಮೇಲೆ ಸರ್ಕಲ್, ಎಂದರೆ ಕಂದಾಯ ನಿರೀಕ್ಷಕರು, ಆದೇಶ ಮಾಡಬೇಕು. ಕಂಪ್ಯೂಟರಿನ ಮುಂದೆ ಕುಂತವರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ತಿದ್ದಿದ್ದು ಯಾರು ಎಂಬುದಕ್ಕೆ ಆ ಬೆರಳೇ ಸಾಕ್ಷಿ. ಭೂಮಿಯಲ್ಲಿ ಮಾಡಿದ ಇನ್ನೊಂದು ಏರ್ಪಾಟು ನನಗೆ ಪ್ರೋಗ್ರಾಮರ್ ಆಗಿ ಬಹಳ ಹಿಡಿಸಿದ್ದು: ಮೊದಲು ಬಂದ ಅರ್ಜಿ ಮೊದಲು. ಹಿಂದಿನದನ್ನು ಹಾಗೇ ಕೂಡಿಸಿ ಬೇಕಾದವರದ್ದನ್ನು ಮೇಲೆತ್ತಿಕೊಳ್ಳುವ ಹಾಗಿಲ್ಲ. ಪುಸ್ತಕದ ಕಾಲದಲ್ಲಿ ನಾಕಾಗಳು ಇರಲಿಲ್ಲವೆಂದಲ್ಲ. ಇದ್ದವು. ಅರ್ಜಿ ಯಾವ ನಾಕಾದಲ್ಲಿ ಎಷ್ಟು ದಿನ ಕುಂತಿತ್ತೆಂದು ಹೇಳುವವರು ಇರಲಿಲ್ಲ.

ಅಲ್ಲಿ ಮೂವತ್ತು ದಿನ, ನಮ್ಮಲ್ಲಿ ಮೂವತ್ತು ಮಿಲಿಸೆಕೆಂಡು. ಉಳಿದದ್ದೆಲ್ಲ ಅದೇ ಕಥೆ, ಮತ್ತು ಎಡವುವ ಜಾಗವೂ ಅದೇ: ಯಾವ ನಾಕಾ ಮೊದಲು, ಯಾವುದು ಆಮೇಲೆ.

ನಾನೇ ಎಡವಿದ್ದು ಹೇಳುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ ಜನರ ಆಧಾರ್ ನಂಬರ್ ಪಡೆದು ಪರಿಶೀಲನೆಗೆ ಕಳಿಸುವ ಕೆಲಸವಿತ್ತು. ಬಂದ ಪ್ರತಿ ವಿನಂತಿಯನ್ನೂ ದಿನಚರಿಯಲ್ಲಿ ಬರೆದಿಡುವ ಒಂದು ನಾಕಾ. ಗುಟ್ಟಿನ ಅಂಕಿಗಳನ್ನು ಮರೆಮಾಡುವ ಇನ್ನೊಂದು. ನಾನು ಬರೆಯುವವನನ್ನು ಮೊದಲು ಕೂಡಿಸಿ ಮರೆಮಾಡುವವನನ್ನು ಅವನ ಹಿಂದೆ ಕೂಡಿಸಿದ್ದೆ. ಪರಿಣಾಮ, ಹನ್ನೆರಡಂಕಿಯ ನಂಬರುಗಳೆಲ್ಲ ಬಟ್ಟಬಯಲಾಗಿ ದಿನಚರಿಗೆ ಹೋಗುತ್ತಿದ್ದವು. ಮರೆಮಾಡುವವನ ಕೈಗೆ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಜೊತೆಯವನೊಬ್ಬ ಬೇರೇನೋ ಹುಡುಕಲು ಹೋಗಿ ಇದನ್ನು ಕಂಡ. ಮೈ ಬೆವೆತು ಹೋಯಿತು.

ಸರಿ, ಇಬ್ಬರ ಜಾಗ ಅದಲು ಬದಲು ಮಾಡಿದೆ. ಮರೆಮಾಡುವವನು ಮೊದಲು, ಬರೆಯುವವನು ಆಮೇಲೆ. ದಿನಚರಿ ಚೊಕ್ಕಾಯಿತು. ಅರ್ಧ ತಾಸಿಗೆ ಫೋನ್ ಮೇಲೆ ಫೋನ್: ಯಾರ ಆಧಾರೂ ತಾಳೆಯಾಗುತ್ತಿಲ್ಲ! ಆಗಲು ಹೇಗೆ ಸಾಧ್ಯ? ಬಾಗಿಲಲ್ಲೇ ನಂಬರಿಗೆ ಮುಸುಕು ಹಾಕಿ ಒಳಗೆ ಕಳಿಸುತ್ತಿದ್ದೆ. ಒಳಗಿನವನಿಗೆ ಸಿಗುತ್ತಿದ್ದದ್ದು ಎಂಟು ಗುಣಿಸು ಗುರುತು, ನಾಲ್ಕು ಅಂಕಿ. ಕಡೆಗೆ ಮರೆಮಾಡುವ ಕೆಲಸವನ್ನು ದಿನಚರಿ ಬರೆಯುವವನೊಳಗೇ ಸೇರಿಸಿ, ಲಕೋಟೆಯನ್ನು ಮುಟ್ಟಬೇಡ, ನಕಲು ಮಾಡಿಕೊಂಡು ನಕಲಿನ ಮೇಲೆ ಮಸಿ ಬಳಿ ಎಂದು ತಿದ್ದಿದೆ. ಹಳೆಯ ದಿನಚರಿಯನ್ನೆಲ್ಲ ಅಳಿಸುವಷ್ಟರಲ್ಲಿ ಬೆಳಗಿನ ಜಾವ ಮೂರು ಗಂಟೆ. ಮೇಲೆ ಇನ್ನೊಂದು ತೊಡಕಿದೆ, ಹೊಸಬರು ಕೇಳಿಸಿಕೊಳ್ಳಲಿ: ಬ್ರೌಸರಿನ ಕಡೆ ಬಳಸುವ ಆ್ಯಕ್ಸಿಯಾಸ್‌ನಲ್ಲಿ ಹೋಗುವ ದಾರಿಯ ನಾಕಾಗಳಲ್ಲಿ ಕಡೆಗೆ ಸೇರಿಸಿದವನದೇ ಮೊದಲ ಸರದಿ. ಬರೆದ ಕ್ರಮದಲ್ಲೇ ನಡೆಯುತ್ತದೆ ಎಂದು ನಂಬಿದವರು ಅಲ್ಲಿ ಒಂದು ಸಲವಾದರೂ ಬೀಳುತ್ತಾರೆ.

ಇದಕ್ಕಿಂತ ನಾಜೂಕಿನ ಇನ್ನೊಂದು ಆಪತ್ತಿದೆ. ಗುರುತಿನ ಚೀಟಿಯ ಅವಧಿ ತೀರಿದರೆ ಆಪರೇಟರನಿಗೆ ತೊಂದರೆ ಕೊಡದೆ ಹೊಸ ಚೀಟಿ ತಾನೇ ತರಿಸಿಕೊಳ್ಳುವ ನಾಕಾ ಬರೆಯಬಹುದು. ಒಳ್ಳೆಯದೇ. ಆದರೆ ಹೊಸ ಚೀಟಿ ಕೇಳುವುದೂ ಒಂದು ವಿನಂತಿಯಲ್ಲವೇ? ಅದೂ ಅದೇ ನಾಕಾಕ್ಕೆ ಬರುತ್ತದೆ. ಅಲ್ಲಿ ಮತ್ತೆ ಚೀಟಿ ಇಲ್ಲ, ಮತ್ತೆ ಕೇಳು, ಮತ್ತೆ ಇಲ್ಲ. ಗಾಣದೆತ್ತಿನ ತಿರುಗಾಟ. ಇದನ್ನು ತಪ್ಪಿಸಲು “ಇದು ಆಗಲೇ ನಾಕಾ ನೋಡಿ ಹೊರಟದ್ದು” ಎಂದು ಲಕೋಟೆಯ ಮೇಲೆ ಗುರುತು ಹಾಕುವ ಉಪಾಯ ಹೊಳೆಯುತ್ತದೆ. ಗುರುತು ಕಂಡರೆ ನಾಕಾದವನು ಕೇಳದೆ ಬಿಡುತ್ತಾನೆ.

ನೆಕ್ಸ್ಟ್ ಜೆಎಸ್ ಎಂಬ ಜನಪ್ರಿಯ ಚೌಕಟ್ಟಿನಲ್ಲಿ ನಾಕಾ ಹೀಗೆ ತನ್ನನ್ನು ತಾನೇ ಸುತ್ತದಿರಲಿ ಎಂದು ಇಂಥದೇ ಒಂದು ಒಳಗುರುತು ಇಟ್ಟಿದ್ದರು. 2025ರ ಮಾರ್ಚಿನಲ್ಲಿ ಬಯಲಾದ ಸಂಗತಿ: ಹೊರಗಿನವರು ಯಾರಾದರೂ ಆ ಗುರುತನ್ನು ತಾವೇ ಬರೆದು ಕಳಿಸಿದರೆ ನಾಕಾ ಪೂರಾ ಪಕ್ಕಕ್ಕೆ ಸರಿಯುತ್ತಿತ್ತು! ಪಾಸ್‌ವರ್ಡ್ ಒಡೆಯಬೇಕಿಲ್ಲ, ಚೀಟಿ ಕದಿಯಬೇಕಿಲ್ಲ, ಹೆಡರಿನಲ್ಲಿ ಒಂದು ಸಾಲು ಸಾಕು. ಸಿವಿಇ-2025-29927 ಎಂದು ದಾಖಲಾದ ಈ ದೋಷದ ತೀವ್ರತೆಗೆ ಹತ್ತಕ್ಕೆ 9.1 ಅಂಕ ಬಿತ್ತು. 14.2.25, 15.2.3 ಆವೃತ್ತಿಗಳಲ್ಲಿ ರಿಪೇರಿ ಮಾಡಿದರು. ಜಕಾತಿ ಕೊಟ್ಟ ಪಾವತಿಯನ್ನು ಬಂಡಿಯವನೇ ಮನೆಯಲ್ಲಿ ಬರೆದುಕೊಂಡು ಬಂದು ತೋರಿಸಿದ ಹಾಗೆ ಎಂದೆ. “ನಮ್ ಕಾಲದಾಗನೂ ಅಂಥಾವ್ರು ಇದ್ರು” ಎಂದು ಕಾಕಾ ನಕ್ಕರು, ಹೆಸರು ಹೇಳಲಿಲ್ಲ. ಆ ಸುದ್ದಿ ಬಂದಮೇಲೆ ನಾನು ನನ್ನ ಸಹಾಯಕರಿಗೆ ಹೇಳುತ್ತಿರುವುದು ಇಷ್ಟು: ಹೊರಗಿನ ನಾಕಾ ನೋಡಿದೆ ಎಂದು ಒಳಗಿನ ಕೊಠಡಿಯವನು ಕಣ್ಣು ಮುಚ್ಚಬಾರದು. ಹಕ್ಕಿನ ಪ್ರಶ್ನೆಯನ್ನು ಗರ್ಭಗುಡಿಯ ಬಾಗಿಲಲ್ಲಿ ಇನ್ನೊಮ್ಮೆ ಕೇಳಬೇಕು.

ಬಿಸಿಲು ಇಳಿದು ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣತೊಡಗಿದವು. ಕಾಕಾನ ಕಡೆಯ ಪ್ರಶ್ನೆ ಬಾಕಿ ಇತ್ತು: “ಅಲ್ಲವಾ, ನಾಕಾದಾಗ ನಿಂತೈತಿ ಅಂತ ಆ ಹುಡುಗ ಯಾಕ ಹೇಳ್ಲಿಲ್ಲ?”

ಹುಡುಗನದು ಅರ್ಧ ತಪ್ಪು. ಉಳಿದರ್ಧ ನಮ್ಮಂಥವರದ್ದು. ನಾಕಾದವನು ಅರ್ಜಿ ಹಿಂದಕ್ಕೆ ಕಳಿಸುವಾಗ ಮೂರಂಕಿಯ ಒಂದು ನಂಬರ್ ಕೊಟ್ಟೇ ಕಳಿಸುತ್ತಾನೆ. ಜಗತ್ತಿನ ಎಲ್ಲ ಜಾಲತಾಣಗಳಿಗೂ ಅದೇ ನಂಬರುಗಳು. 401 ಎಂದರೆ ನೀ ಯಾರೆಂದು ಗೊತ್ತಾಗಲಿಲ್ಲ, ಮತ್ತೆ ಲಾಗಿನ್ ಆಗು. 403 ಎಂದರೆ ಯಾರೆಂದು ಗೊತ್ತು, ಆದರೆ ಇದು ನಿನಗಿಲ್ಲ. 404 ಎಂದರೆ ಕೇಳಿದ ವಿಳಾಸವೇ ಇಲ್ಲಿಲ್ಲ. 429 ಎಂದರೆ ಬಹಳ ಸಲ ಬಡಿದಿ, ಸ್ವಲ್ಪ ತಡಿ. ಗಡಿಬಿಡಿಯಲ್ಲಿ ಬಟನ್ ಒತ್ತಿ ಒತ್ತಿ ಸಿಟ್ಟು ತೀರಿಸಿಕೊಳ್ಳುವವರಿಗೆ ಸಿಗುವ ಉತ್ತರ. ನಾಲ್ಕರಿಂದ ಶುರುವಾದರೆ ಕಳಿಸಿದ ಕಡೆ ಏನೋ ಸರಿಯಿಲ್ಲ, ಐದರಿಂದ ಶುರುವಾದರೆ ಅವರ ಕಡೆ. 500 ಎಂದರೆ ಒಳಗೆ ಕೆಲಸ ಕೆಟ್ಟಿದೆ. 502, 504 ಎಂದರೆ ಹೊರಗಿನವನಿಗೆ ಒಳಗಿನಿಂದ ಸರಿಯಾದ ಉತ್ತರ, ಅಥವಾ ಹೊತ್ತಿಗೆ ಸರಿಯಾಗಿ ಉತ್ತರ, ಬರಲಿಲ್ಲ. 503 ಎಂದರೆ ಸದ್ಯ ಸೇವೆ ಇಲ್ಲ.

ಇಷ್ಟು ಅರ್ಥವಿರುವ ನಂಬರನ್ನು ನಾವು ಪ್ರೋಗ್ರಾಮರುಗಳು “ಏನೋ ತಪ್ಪಾಗಿದೆ” ಎಂಬ ಒಂದು ಸಾಲಿನ ಹಿಂದೆ ಬಚ್ಚಿಡುತ್ತೇವೆ, ಅದೂ ಇಂಗ್ಲಿಷಿನಲ್ಲಿ. ಕೌಂಟರಿನ ಹುಡುಗ ಅದನ್ನು “ಸರ್ವರ್ ಡೌನ್” ಎಂದು ಅನುವಾದಿಸುತ್ತಾನೆ. ಮುಂಡರಗಿಯಿಂದಲೋ ಲಕ್ಷ್ಮೇಶ್ವರದಿಂದಲೋ ಬಸ್ ಹಿಡಿದು ಬಂದ ಮುದುಕರೊಬ್ಬರು ಒಂದು ದಿನದ ಕೂಲಿ ಬಿಟ್ಟು ತಿರುಗಿ ಹೋಗುತ್ತಾರೆ. ಯಾವ ನಾಕಾ, ಯಾಕೆ, ಈಗ ಏನು ಮಾಡಬೇಕು ಎಂಬ ಮೂರು ಮಾತನ್ನು ಕನ್ನಡದಲ್ಲಿ ಬರೆಯಲು ಅರ್ಧ ದಿನದ ಕೆಲಸ. ಇದನ್ನು ಓದುವ ನನ್ನ ಕಸುಬಿನವರು ನಾಳೆಯೇ ಬರೆಯಬಹುದು.

ಉಳಿದವರಿಗೆ ಒಂದು ಮಾತು. ಇನ್ನೊಮ್ಮೆ ಯಾರಾದರೂ “ಸರ್ವರ್ ಡೌನ್” ಎಂದರೆ ಸಿಟ್ಟು ಮಾಡಬೇಡಿ, ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ. ನಂಬರ್ ಇದ್ದರೆ ಚೀಟಿಯಲ್ಲಿ ಬರೆದುಕೊಳ್ಳಿ, ಇಲ್ಲವೇ ಆ ಸಾಲಿನ ಫೋಟೊ ತೆಗೆದುಕೊಳ್ಳಿ. 401 ಇದ್ದರೆ ಎದ್ದು ಹೋಗಬೇಡಿ, ಮತ್ತೆ ಲಾಗಿನ್ ಆಗಲು ಹೇಳಿ. 503 ಇದ್ದರೆ ಮಾತ್ರ ಮನೆಗೆ ಹೋಗಿ ಊಟ ಮಾಡಿ ಬನ್ನಿ.